ಬೆಟ್ಟಿ ಫೋರ್ಡ್: ಕಾಯಿಲೆ ಮುಚ್ಚಿಡದ ಅಧ್ಯಕ್ಷರ ಹೆಂಡತಿ

ದೊಡ್ಡ ನಾಯಕರ ಹೆಂಡತಿ ಅಂದ ತಕ್ಷಣ ನಮ್ಮ ಫೋನಿಗೆ ಏನು ಬರುತ್ತೆ ಹೇಳಿ? ಉಟ್ಟ ಸೀರೆ, ಹಾಕಿದ ಒಡವೆ, ಗಂಡನ ಪಕ್ಕ ನಿಂತು ನಕ್ಕ ಫೋಟೊ. ಮೈ ಹುಷಾರಿಲ್ಲದಿದ್ದರೂ ಆ ನಗು ಮಾತ್ರ ಮಾಸಬಾರದು. ಇವತ್ತು ಹೇಳ್ತಿರೋದು ಹಾಗೆ ಬರೀ ನಗ್ತಾ ನಿಲ್ಲದ ಒಬ್ಬರ ಕಥೆ. ಅಮೆರಿಕದ ಬೆಟ್ಟಿ ಫೋರ್ಡ್.

1974ರ ಆಗಸ್ಟ್. ವಾಟರ್‌ಗೇಟ್ ಹಗರಣದಿಂದ ನಿಕ್ಸನ್ ರಾಜೀನಾಮೆ ಕೊಟ್ರು, ಉಪಾಧ್ಯಕ್ಷ ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾದ್ರು. ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ಬೆಟ್ಟಿಗೆ ಸ್ತನದಲ್ಲಿ ಗಂಟು ಇರೋದು ತಪಾಸಣೆಯಲ್ಲಿ ಗೊತ್ತಾಯ್ತು. ಸೆಪ್ಟೆಂಬರ್ 28ಕ್ಕೆ ಆಪರೇಷನ್. ಒಂದು ಸ್ತನವನ್ನೇ ತೆಗೆಯಬೇಕಾಯ್ತು.

ಸ್ತನ ಕ್ಯಾನ್ಸರ್ ಅನ್ನೋ ಮಾತನ್ನ ಅಮೆರಿಕದಲ್ಲೂ ಪಿಸುದನಿಯಲ್ಲೇ ಆಡ್ತಿದ್ದ ಕಾಲ ಅದು. ಏನೋ ಸಣ್ಣ ಚಿಕಿತ್ಸೆ ಅಂತ ಒಂದು ಹೇಳಿಕೆ ಕೊಟ್ಟು ಮುಗಿಸಬಹುದಿತ್ತು. ಬೆಟ್ಟಿ ಹಾಗೆ ಮಾಡಲಿಲ್ಲ. ಯಾವ ಕಾಯಿಲೆ, ಯಾವ ಆಪರೇಷನ್ ಅನ್ನೋದು ಪತ್ರಿಕೆಗಳಿಗೆ ನೇರವಾಗಿ ಗೊತ್ತಾಯ್ತು. ಅದನ್ನು ಓದಿ ದೇಶದ ತುಂಬ ಹೆಂಗಸರು ತಪಾಸಣೆಗೆ ಹೋದ್ರು. ಉಪಾಧ್ಯಕ್ಷ ಸ್ಥಾನಕ್ಕೆ ಆಯ್ಕೆಯಾಗಿದ್ದ ನೆಲ್ಸನ್ ರಾಕ್‌ಫೆಲರ್ ಅವರ ಹೆಂಡತಿ ಹ್ಯಾಪಿ ಅವರಿಗೂ ಕೆಲವೇ ವಾರಗಳಲ್ಲಿ ಅದೇ ಕಾಯಿಲೆ ಪತ್ತೆಯಾಯ್ತು.

ಸರಿ, ಕ್ಯಾನ್ಸರ್ ಅಂದ್ರೆ ಜನ ಮರುಗ್ತಾರೆ. ಕುಡಿತ ಅಂದ್ರೆ? 1978ರಲ್ಲಿ, ಫೋರ್ಡ್ ಅಧಿಕಾರ ಬಿಟ್ಟ ಮೇಲೆ, ಗಂಡ ಮಕ್ಕಳು ಎಲ್ಲರೂ ಸೇರಿ ಬೆಟ್ಟಿ ಎದುರು ಕೂತ್ರು. ಮಾತ್ರೆ, ಮದ್ಯ ಎರಡರ ಚಟವೂ ಕೈಮೀರಿದೆ, ಚಿಕಿತ್ಸೆ ತಗೊಳ್ಳಲೇಬೇಕು ಅಂದ್ರು. ಬೆಟ್ಟಿ ಆಸ್ಪತ್ರೆ ಸೇರಿದ್ರು. ಹೊರಗಿನವರಿಗೆ ಮೊದಲು ಮಾತ್ರೆಯ ವಿಷಯ ಮಾತ್ರ ಹೇಳಿದ್ರು. ಕುಡಿತದ ಮಾತು ಬಾಯಿಗೆ ಬರೋಕೆ ಇನ್ನೂ ಕೆಲವು ದಿನ ಬೇಕಾಯ್ತು. ಅಷ್ಟು ಧೈರ್ಯ ಇದ್ದವರಿಗೂ! ಆದ್ರೆ ಹೇಳಿದ್ರು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರದೇ ಹೆಸರಿನ ವ್ಯಸನಮುಕ್ತಿ ಕೇಂದ್ರ ಶುರುವಾಯ್ತು. 2011ರಲ್ಲಿ ತೀರಿಕೊಂಡಾಗ ಅವರಿಗೆ 93 ವರ್ಷ.

ಎಲ್ಲರೂ ಎಲ್ಲವನ್ನೂ ಊರಿಗೆ ಹೇಳಬೇಕು ಅಂತಲ್ಲ. ನಾಯಕರ ಹೆಂಡತಿಗೂ ಬಾಗಿಲು ಹಾಕಿಕೊಳ್ಳೋ ಹಕ್ಕಿದೆ. ಬೆಟ್ಟಿ ಮಾಡಿದ್ದು ಇಷ್ಟೇ: ಹೇಗಿದ್ದರೂ ಎಲ್ಲರ ಕಣ್ಣು ನನ್ನ ಮೇಲಿದೆ, ನೋಡೋರಿಗೆ ಉಪಯೋಗವಾಗೋದನ್ನೇ ತೋರಿಸ್ತೀನಿ ಅಂತ ನಡೆದುಕೊಂಡ್ರು.

ನಮ್ಮ ಮನೆಗಳಲ್ಲಿ ಎದೆಯ ಗಂಟನ್ನ ಹೇಳಿಕೊಳ್ಳೋಕೆ ನಾಚಿ, ತಿಂಗಳುಗಟ್ಟಲೆ ಸುಮ್ಮನಿರೋ ಅಮ್ಮಂದಿರು, ಅತ್ತೆಯಂದಿರು ಇನ್ನೂ ಇದ್ದಾರೆ. ಈ ಕಥೆಯನ್ನ ಅವರಿಗೂ ಕೇಳಿಸಿ. ಮಾತು ಶುರುಮಾಡೋಕೆ ಒಂದು ನೆಪವಾದ್ರೂ ಸಿಗುತ್ತೆ.

ಮತ್ತೆ ಸಿಗೋಣ.