ಸರೋವರದ ಮೇಲೆ ಹಬ್ಬಿದ ಹೊಗೆ



ಗಿಟಾರ್ ಕಲಿಯಲು ಹೊರಟವರ ಬೆರಳುಗಳು ಮೊದಮೊದಲೇ ಹುಡುಕಿಕೊಂಡು ಹೋಗುವ ಒಂದು ಸ್ವರಗುಚ್ಛವಿದೆ. ನಿಮ್ಮಲ್ಲಿ ಕೆಲವರು ಅದನ್ನು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಕೇಳಿರಬಹುದು. ಹೆಸರು ಗೊತ್ತಿಲ್ಲದೆಯೇ ಗುನುಗಿರಲೂಬಹುದು. ಇಂಗ್ಲೆಂಡಿನ ಡೀಪ್ ಪರ್ಪಲ್ ಎಂಬ ರಾಕ್ ತಂಡದ ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಆರಂಭ ಅದು. ನೀರಿನ ಮೇಲೆ ಹೊಗೆ ಎಂದು ಈ ಹೆಸರಿನ ಅರ್ಥ. ಕವಿಕಲ್ಪನೆಯಿರಬೇಕು ಎಂದುಕೊಳ್ಳುವವರು ಬಹಳ. ಆದರೆ ಆ ಹೊಗೆಯೂ ನಿಜ, ಆ ನೀರೂ ನಿಜ. ಅದರ ಕಥೆಯನ್ನು ಈ ದಿನ ನೋಡೋಣ.

ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ಪೂರ್ವದ ದಂಡೆಯಲ್ಲಿ ಮಾಂಟ್ರೋ ಎಂಬ ಊರಿದೆ. 1967ರಲ್ಲಿ ಅಲ್ಲಿ ಜಾಝ್ ಸಂಗೀತೋತ್ಸವ ಆರಂಭವಾಯಿತು. ಅದರ ಸ್ಥಾಪಕರಲ್ಲಿ ಮುಖ್ಯರು ಕ್ಲೋಡ್ ನೋಬ್ಸ್. ಈ ಹೆಸರನ್ನು ನೆನಪಿನಲ್ಲಿಡಿ. ಆ ಊರಿನ ಕ್ಯಾಸಿನೋ ಕಟ್ಟಡದಲ್ಲಿ ಜೂಜಿನ ಕೋಣೆಗಳಷ್ಟೇ ಅಲ್ಲ, ಸಂಗೀತ ಕಚೇರಿಗಳಿಗೆಂದು ವಿಶಾಲ ಸಭಾಂಗಣವೂ ಇತ್ತು. ಚಳಿಗಾಲದಲ್ಲಿ ಅದು ಮುಚ್ಚಿರುತ್ತಿತ್ತು. ಆ ಖಾಲಿ ಸಭಾಂಗಣದಲ್ಲಿ ತಮ್ಮ ಹೊಸ ಧ್ವನಿಮುದ್ರಿಕೆ ತಯಾರಿಸಬೇಕೆಂದು ಡೀಪ್ ಪರ್ಪಲ್‌ನ ಐವರು 1971ರ ಡಿಸೆಂಬರಿನಲ್ಲಿ ಅಲ್ಲಿಗೆ ಬಂದರು. ಸ್ಟುಡಿಯೋದ ನಾಲ್ಕು ಗೋಡೆಗಿಂತ ವೇದಿಕೆಯ ನಾದವೇ ಬೇಕೆಂಬುದು ಅವರ ಆಸೆ. ಮುದ್ರಣಯಂತ್ರಗಳನ್ನೆಲ್ಲ ಒಂದು ಲಾರಿಯೊಳಗೆ ಜೋಡಿಸಿದ್ದ ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೋವನ್ನು ಬಾಡಿಗೆಗೆ ತಂದಿದ್ದರು.

ಕ್ಯಾಸಿನೋ ಮುಚ್ಚುವ ಮುನ್ನ ಕೊನೆಯ ಕಚೇರಿ ಡಿಸೆಂಬರ್ 4ರಂದು. ಅಮೆರಿಕದ ಫ್ರ್ಯಾಂಕ್ ಝಾಪಾ ಮತ್ತು ಅವರ ‘ಮದರ್ಸ್ ಆಫ್ ಇನ್ವೆನ್ಷನ್’ ತಂಡ ನುಡಿಸುತ್ತಿತ್ತು. ಸಭೆಯಲ್ಲಿದ್ದ ಯಾರೋ ಒಬ್ಬ, ಹಡಗಿನವರು ಅಪಾಯದ ಸೂಚನೆಗೆಂದು ಉರಿಯುಂಡೆ ಹಾರಿಸುವ ಪಿಸ್ತೂಲನ್ನು ಚಾವಣಿಯತ್ತ ಹಿಡಿದು ಹಾರಿಸಿದ. ಚಾವಣಿಗೆ ಹೊದಿಸಿದ್ದುದು ಒಣಗಿದ ಬೆತ್ತ. ಇನ್ನು ಹೇಳಬೇಕೇ?

ಝಾಪಾ ವೇದಿಕೆಯಿಂದಲೇ, ಗಾಬರಿಯಾಗದೆ ಹೊರನಡೆಯುವಂತೆ ಜನರಿಗೆ ಹೇಳಿದರು. ಕಿಟಕಿಗಳ ಗಾಜು ಒಡೆದು ಹಲವರು ಹೊರಬಿದ್ದರು. ದಾರಿ ತಪ್ಪಿ ಒಳಗೆ ಉಳಿದಿದ್ದ ಹುಡುಗರನ್ನು ಕ್ಲೋಡ್ ನೋಬ್ಸ್ ಮತ್ತೆ ಮತ್ತೆ ಒಳನುಗ್ಗಿ ಎಳೆದು ತಂದರು. ಕಟ್ಟಡ ಪೂರ್ತಿ ಸುಟ್ಟುಹೋಯಿತು. ಆದರೆ ಒಬ್ಬರೂ ಸಾಯಲಿಲ್ಲ. ಇದೆಂಥ ಅದೃಷ್ಟವೆಂದು ತಿಳಿಯಬೇಕಾದರೆ ಇನ್ನೊಂದು ಘಟನೆ ಗೊತ್ತಿರಬೇಕು. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಒಂದು ನೈಟ್‌ಕ್ಲಬ್ಬಿನಲ್ಲಿ ವೇದಿಕೆಯ ಬಾಣಬಿರುಸಿನ ಕಿಡಿ ಗೋಡೆಯ ಫೋಮಿಗೆ ತಗುಲಿ 100 ಮಂದಿ ಪ್ರಾಣ ಕಳೆದುಕೊಂಡರು.

ಆ ಸಂಜೆ ಡೀಪ್ ಪರ್ಪಲ್‌ನವರು ಹೋಟೆಲಿನಿಂದ ನೋಡುತ್ತಿದ್ದರು. ಬೆಟ್ಟದ ಕಡೆಯಿಂದ ಬೀಸಿದ ಗಾಳಿಗೆ ಹೊಗೆ ಸರೋವರದ ಮೇಲೆ ಪರದೆಯಂತೆ ಹಾಸಿಕೊಂಡಿತ್ತು. ಕೆಲವು ದಿನಗಳ ಬಳಿಕ ಬೇಸ್ ಗಿಟಾರಿನ ರೋಜರ್ ಗ್ಲೋವರ್ ನಿದ್ದೆಯಿಂದ ಎಚ್ಚರಗೊಳ್ಳುತ್ತಿರುವಾಗ ಆ ಮೂರು ನಾಲ್ಕು ಶಬ್ದಗಳು ತಾವಾಗಿಯೇ ಬಾಯಿಗೆ ಬಂದವು. ಹಾಡುಗಾರ ಇಯಾನ್ ಗಿಲನ್‌ಗೆ ಹೇಳಿದರೆ, ಇದು ಅಮಲಿನ ಪದಾರ್ಥದ ಹಾಡಿನಂತೆ ಕೇಳಿಸುತ್ತದಲ್ಲ ಎಂಬ ಅನುಮಾನ!

ಅತ್ತ ರಾಗ ಆಗಲೇ ಸಿದ್ಧವಾಗಿತ್ತು. ಕ್ಯಾಸಿನೋ ಸುಟ್ಟ ಮೇಲೆ ನೋಬ್ಸ್ ಅವರು ಪೆವಿಲಿಯನ್ ಎಂಬ ರಂಗಮಂದಿರವನ್ನು ಕೊಡಿಸಿದ್ದರು. ರಾತ್ರಿಯಲ್ಲಿ ಈ ಅಬ್ಬರ ಕೇಳಿ ನೆರೆಯವರು ಸುಮ್ಮನಿರುತ್ತಾರೆಯೇ? ಪೊಲೀಸರು ಬಂದರು. ತಂಡದ ಸಹಾಯಕರು ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದು ನಿಂತರು. ಹೊರಗೆ ಪೊಲೀಸರು ಬಡಿಯುತ್ತಿದ್ದಂತೆಯೇ ಒಳಗೆ ವಾದ್ಯಭಾಗದ ಮುದ್ರಣ ಮುಗಿಯಿತು. ಅಲ್ಲಿಂದ ಹೊರಬಿದ್ದು, ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲನ್ನು ಹಿಡಿದರು. ಕೊರೆಯುವ ಚಳಿ, ನಾದ ಹದಕ್ಕೆ ಬರಲೆಂದು ಕಾರಿಡಾರಿನ ಗೋಡೆಗೆ ಹಾಸಿಗೆಗಳನ್ನು ಒರಗಿಸಿದರು. ಮುದ್ರಿಸಿದ್ದನ್ನು ಕೇಳಬೇಕಾದರೆ ಕೋಣೆಗಳನ್ನೂ ಬಾಲ್ಕನಿಗಳನ್ನೂ ದಾಟಿ ಲಾರಿಯವರೆಗೆ ಹೋಗಬೇಕು. ಕೊನೆಗೆ ಕೇಳುವುದನ್ನೇ ಬಿಟ್ಟರು! ಧ್ವನಿಮುದ್ರಿಕೆಗೆ ಇನ್ನೂ ಕೆಲವು ನಿಮಿಷ ಕಡಿಮೆ ಬಿದ್ದಾಗ ಪೆವಿಲಿಯನ್ನಿನ ಆ ವಾದ್ಯಭಾಗ ನೆನಪಾಯಿತು. ಅದಕ್ಕೆ ತಮ್ಮದೇ ಪಾಡನ್ನು ಮಾತಾಗಿಸಿ ಹಾಡಿದರು. ಊರು, ಝಾಪಾ, ಬೆಂಕಿ, ನೋಬ್ಸ್, ಚಳಿಯ ಹೋಟೆಲು, ಎಲ್ಲವೂ ನಡೆದ ಕ್ರಮದಲ್ಲಿಯೇ ಬರುತ್ತವೆ. ನಮ್ಮ ಲಾವಣಿಕಾರರು ಕೇಳಿದ್ದರೆ ತಲೆದೂಗುತ್ತಿದ್ದರು.

ಗಿಟಾರ್ ನುಡಿಸಿದವರು ರಿಚಿ ಬ್ಲ್ಯಾಕ್‌ಮೋರ್. ಸಂಗೀತ ಕಲಿಯುತ್ತಿರುವವರು ಗಮನಿಸಿ: ಅದರಲ್ಲಿ ಇರುವುದು ನಾಲ್ಕೇ ಸ್ವರ. ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಮತ್ತು ಒಂದೇ ಒಂದು ಬಾರಿ ಮಿಂಚಿ ಮರೆಯಾಗುವ ಪ್ರತಿ ಮಧ್ಯಮ. ನಮ್ಮ 72 ಮೇಳಕರ್ತಗಳ ಯಾವುದರಲ್ಲಿಯೂ ಎರಡು ಮಧ್ಯಮಗಳು ಒಟ್ಟಿಗೆ ಇಲ್ಲ. ಈ ಹಾಡಿನ ಕಚಗುಳಿ ಇರುವುದೇ ಅಲ್ಲಿ. ಎರಡೆರಡು ತಂತಿಗಳನ್ನು ಒಟ್ಟಿಗೆ ಬೆರಳಿನಿಂದ ಮೀಟಿರುವುದರಿಂದ ನಾದಕ್ಕೆ ಆ ತೂಕ. ಮೊದಲು ಗಿಟಾರ್ ಒಂದೇ, ಬಳಿಕ ಇಯಾನ್ ಪೇಸ್ ಅವರ ಡ್ರಮ್ಸ್ ಮತ್ತು ಜಾನ್ ಲಾರ್ಡ್ ಅವರ ಆರ್ಗನ್, ಕೊನೆಗೆ ಬೇಸ್. ಮುಂದಿನ ಬಾರಿ ಕೇಳುವಾಗ ಒಂದೊಂದನ್ನೂ ಬೇರೆ ಬೇರೆಯಾಗಿ ಹಿಡಿಯಲು ಪ್ರಯತ್ನಿಸಿ.

1972ರ ಮಾರ್ಚಿನಲ್ಲಿ ‘ಮಷೀನ್ ಹೆಡ್’ ಧ್ವನಿಮುದ್ರಿಕೆ ಹೊರಬಂತು. ತಂಡದವರು ನಂಬಿದ್ದುದು ಅದರ ‘ನೆವರ್ ಬಿಫೋರ್’ ಹಾಡನ್ನು. ಬಿಡಿಯಾಗಿ ಮೊದಲು ಹೊರತಂದದ್ದೂ ಅದನ್ನೇ. ಜಾಗ ತುಂಬಲು ಸೇರಿಸಿದ ಈ ಹಾಡು 1973ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೇರಿತು.

ಆದರೆ ಹಾಡು ಹೇಳದೆ ಬಿಟ್ಟ ಭಾಗವೂ ಒಂದಿದೆ, ಅದನ್ನು ಮರೆಯುವುದು ನನಗೆ ನ್ಯಾಯವೆನಿಸುವುದಿಲ್ಲ. ಒಬ್ಬರಿಗೆ ಹಾಡು ಕೊಟ್ಟ ಅದೇ ಬೆಂಕಿ ಝಾಪಾ ತಂಡದ ವಾದ್ಯಗಳನ್ನೆಲ್ಲ ನುಂಗಿತ್ತು. ಪ್ರವಾಸ ಬಿಡಲಾಗದೆ ಅವರು ಲಂಡನ್ನಿಗೆ ಹೋದರು. ಬೆಂಕಿಯಾದ ಆರನೆಯ ದಿನ, ಡಿಸೆಂಬರ್ 10ರಂದು, ರೈನ್‌ಬೋ ಥಿಯೇಟರಿನಲ್ಲಿ ಪ್ರೇಕ್ಷಕನೊಬ್ಬ ಝಾಪಾರನ್ನು ವೇದಿಕೆಯಿಂದ ಕೆಳಕ್ಕೆ ತಳ್ಳಿದ. ತೀವ್ರ ಪೆಟ್ಟಾಗಿ ಅವರು ತಿಂಗಳುಗಟ್ಟಲೆ ಗಾಲಿಕುರ್ಚಿಯಲ್ಲಿ ಕಳೆಯಬೇಕಾಯಿತು.

ಕ್ಯಾಸಿನೋ ಮತ್ತೆ ಎದ್ದು 1975ರಲ್ಲಿ ಬಾಗಿಲು ತೆರೆಯಿತು. ಹುಡುಗರನ್ನು ಹೊರಗೆಳೆದ ಕ್ಲೋಡ್ ನೋಬ್ಸ್ 2013ರ ಜನವರಿಯಲ್ಲಿ ತೀರಿಕೊಂಡರು. ಮಾಂಟ್ರೋ ಊರಿನ ಸರೋವರದ ದಂಡೆಯಲ್ಲಿ ಈ ಹಾಡಿಗೊಂದು ಸ್ಮಾರಕವನ್ನು ನಿಲ್ಲಿಸಿದ್ದಾರೆ. ಅದರ ಮೇಲೆ ಇರುವುದು ತಂಡದ ಹೆಸರು, ಹಾಡಿನ ಹೆಸರು, ಮತ್ತು ಗಿಟಾರಿನ ಆ ಸ್ವರಗಳು.