ಬೆಟ್ಟದಲ್ಲಿ ಉಳಿಯುವುದೇ, ಹೊರಡುವುದೇ?



ಲಖನೌ ದೂರವಾಯಿತು, ತಮ್ಮದೇ ರಾಜ್ಯವಾದರೆ ಮಕ್ಕಳು ಊರಿನಲ್ಲಿ ಉಳಿದಾರು ಎಂಬ ಬೆಟ್ಟದ ಜನರ ಆಸೆಯಿಂದ 2000ದ ನವೆಂಬರ್ 9ರಂದು ಇಂದಿನ ಉತ್ತರಾಖಂಡ ಉದಯಿಸಿತು. ಆದದ್ದು ಬೇರೆ. 2011ರ ಜನಗಣತಿಯಲ್ಲಿ ಪೌರಿ ಮತ್ತು ಅಲ್ಮೋರಾ ಜಿಲ್ಲೆಗಳ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಕುಗ್ಗಿತ್ತು. ಆ ಬಳಿಕ 734 ಗ್ರಾಮ, ಮಜರೆಗಳು ನಿರ್ಜನವಾದವೆಂದು ರಾಜ್ಯದ ವಲಸೆ ಆಯೋಗವೇ 2018ರಲ್ಲಿ ವರದಿ ಮಾಡಿತು.

ಉದ್ದಿಮೆಗಳು ಬಂದವು, ಆದರೆ ಬೆಟ್ಟ ಹತ್ತಲಿಲ್ಲ. 2003ರ ತೆರಿಗೆ ವಿನಾಯಿತಿಗೆ ಬಂದ ಕಾರ್ಖಾನೆಗಳು ಬಹುಪಾಲು ಹರಿದ್ವಾರ, ಉಧಮ್ ಸಿಂಗ್ ನಗರ ಜಿಲ್ಲೆಗಳ ಬಯಲಿನಲ್ಲೇ ನೆಲೆಯೂರಿದವು. ರಸ್ತೆ, ರೈಲು ಇದ್ದುದು ಅಲ್ಲಿಯೇ.

ಊರು ಬಿಟ್ಟವರನ್ನು ಹಳಿಯುವುದು ಸುಲಭ. ಆದರೆ ಮೆಟ್ಟಿಲು ಹೊಲಗಳ ಬೇಸಾಯವು ಒಂಟಿ ಮನೆಯಿಂದ ಸಾಗತಕ್ಕದ್ದಲ್ಲ. 'ಗೂಲ್' ಎಂಬ ನೀರುಕಾಲುವೆಯ ಹೂಳನ್ನು ಊರೇ ಸೇರಿ ತೆಗೆಯಬೇಕು. ಒಬ್ಬರ ಹೊಲ ಪಾಳು ಬಿದ್ದರೆ ಅಲ್ಲಿ ಪೊದೆ ಬೆಳೆಯುತ್ತದೆ, ಪೊದೆಯಲ್ಲಿ ಕಾಡುಹಂದಿ ಸೇರುತ್ತದೆ; ಪಕ್ಕದವರ ಮಂಡುವಾ, ಅಂದರೆ ರಾಗಿ, ಕೊಯ್ಲಿಗೆ ಮುನ್ನವೇ ನೆಲಸಮವಾಗುತ್ತದೆ. (ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಹೀಗೆ ಹೊರಟ ಪ್ರತಿಯೊಂದು ಕುಟುಂಬವೂ ಉಳಿದವರ ನಷ್ಟವನ್ನು ಹೆಚ್ಚಿಸುತ್ತದೆ, ಕೊನೆಗೆ ಆ ಮನೆಗೂ ಬೀಗ ಬೀಳುತ್ತದೆ.

ಆದ್ದರಿಂದ ಒಂದೊಂದು ಮನೆಗೆ 'ಉಳಿಯಿರಿ' ಎಂದು ಬುದ್ಧಿ ಹೇಳಿ ಫಲವಿಲ್ಲ. ಇಡೀ ಊರಿನ ಹೊಲಗಳಿಗೆ ಒಂದೇ ಬೇಲಿ, ನಡೆದು ತಲುಪುವಷ್ಟು ಹತ್ತಿರದಲ್ಲಿ ಶಾಲೆ, ಹೆರಿಗೆಯ ಹೊತ್ತಿಗೆ ವೈದ್ಯರು, ಇವು ಒಟ್ಟಿಗೆ ಬರಬೇಕು. 2020ರ ಕೊರೊನಾ ಕಾಲದಲ್ಲಿ ಲಕ್ಷಾಂತರ ಜನ ಬೆಟ್ಟಕ್ಕೆ ಮರಳಿದ್ದರು. ಹೊಲ ಪಾಳಾಗಿತ್ತು, ಕೆಲಸವಿರಲಿಲ್ಲ. ಅನೇಕರು ಕೆಲವೇ ತಿಂಗಳಲ್ಲಿ ಮತ್ತೆ ಬಯಲಿಗಿಳಿದರು.