ಅಂತಾಕಿಯಾದ ಅವಶೇಷಗಳ ಮುಂದೆ ಕಾದು ನಿಂತವರು
(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೂ ಸಲಾತ್ ಮತ್ತು ಸಲಾಮ್.

ಸಹೋದರರೇ, ಸೂರಃ ಯಾಸೀನ್ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಅಲ್ಲಾಹನ ಸಂದೇಶವಾಹಕರ ಮಾತು ಕೇಳಿರೆಂದು ಹೇಳಲು ನಗರದ ತುದಿಯಿಂದ ಒಬ್ಬರು ಓಡೋಡಿ ಬಂದ ಪ್ರಸಂಗ ಅದರಲ್ಲಿದೆ. ಅವರ ಹೆಸರು ಹಬೀಬ್ ನಜ್ಜಾರ್, ಆ ನಗರ ಅಂತಾಕಿಯಾ ಎಂದು ಅನೇಕ ಮುಫಸ್ಸಿರರು ಬರೆದಿದ್ದಾರೆ. ಇಂದು ಅದು ತುರ್ಕಿಯ ಹತಾಯ್ ಪ್ರಾಂತ್ಯದಲ್ಲಿದೆ. ಅಲ್ಲಿ ಅವರ ಹೆಸರಿನದೇ ಒಂದು ಪುರಾತನ ಮಸೀದಿ ಇತ್ತು. 2023ರ ಫೆಬ್ರವರಿ 6ರಂದು ಅದೂ ಕುಸಿಯಿತು, ಸುತ್ತಲಿನ ಊರೂ ಕುಸಿಯಿತು.

ಬೆಳಗಿನ ಜಾವ 4.17. ಫಜ್ರ್ ಬಾಂಗ್‌ಗೆ ಇನ್ನೂ ಹೊತ್ತಿತ್ತು, ಎಲ್ಲರೂ ನಿದ್ದೆಯಲ್ಲಿದ್ದರು. ಮೊದಲ ಕಂಪನದ ತೀವ್ರತೆ 7.8. ಒಂಬತ್ತು ಗಂಟೆ ಕಳೆದ ಮೇಲೆ ಹೆಚ್ಚುಕಡಿಮೆ ಅಷ್ಟೇ ದೊಡ್ಡದು ಇನ್ನೊಂದು. ತುರ್ಕಿಯೊಂದರಲ್ಲೇ 53 ಸಾವಿರಕ್ಕೂ ಹೆಚ್ಚು ಜನ, ಸಿರಿಯಾದಲ್ಲಿ ಮತ್ತೆ ಸಾವಿರಾರು ಜನ ತೀರಿಹೋದರು.

ನಾನು ಇಂದು ಹೇಳಬೇಕೆಂದಿರುವುದು ಉಳಿದವರ ವಿಷಯ. ಹೊರಗೆ ಹಿಮ, ಮೈಮೇಲೆ ರಾತ್ರಿಯ ಬಟ್ಟೆ, ಎದುರಿಗೆ ತಮ್ಮದೇ ಮನೆಯ ರಾಶಿ. ರಕ್ಷಣಾ ಸಿಬ್ಬಂದಿ ಆಗಾಗ ಯಂತ್ರಗಳನ್ನೆಲ್ಲ ನಿಲ್ಲಿಸಿ, ಜನರನ್ನು ಸುಮ್ಮನಿರಿಸಿ, ನನ್ನ ದನಿ ಯಾರಿಗಾದರೂ ಕೇಳಿಸುತ್ತಿದೆಯೇ ಎಂದು ಕೂಗಿ ಕಿವಿಗೊಡುತ್ತಿದ್ದರು. ಆ ಮೌನದಲ್ಲಿ ನಿಂತ ತಾಯಿಯ ಎದೆ ಏನಾಗಿರಬೇಕು! ಹತ್ತು ದಿನಗಳಾದ ಮೇಲೂ ಕೆಲವರು ಜೀವಂತವಾಗಿ ಸಿಕ್ಕರು. ಆದ್ದರಿಂದ ಯಾರಿಗೂ ಆಸೆ ಬಿಡಲಾಗಲಿಲ್ಲ, ಮನೆಗೆ ಹೋಗೋಣವೆಂದರೆ ಮನೆಯೂ ಇರಲಿಲ್ಲ. ಕಹ್ರಮಾನ್‌ಮರಾಶ್‌ನಲ್ಲಿ ಒಬ್ಬ ತಂದೆ ಕಾಂಕ್ರೀಟಿನಡಿ ಸಿಲುಕಿ ತೀರಿಕೊಂಡ ಮಗಳ ಕೈ ಹಿಡಿದು ಚಳಿಯಲ್ಲಿ ಕುಳಿತಿದ್ದ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅವರು ಆ ಕೈ ಬಿಡಲೇ ಇಲ್ಲ.

ದೂರದಲ್ಲಿದ್ದವರ ಪಾಡೂ ಕಡಿಮೆಯದಲ್ಲ. ಲಕ್ಷಾಂತರ ತುರ್ಕಿ ಕುಟುಂಬಗಳು ಜರ್ಮನಿಯಲ್ಲಿವೆ. ಊರಿಗೆ ಫೋನ್ ಮಾಡಿದರೆ ಉತ್ತರವಿಲ್ಲ. ಮಗನನ್ನು ದಮ್ಮಾಮಿಗೋ ದುಬೈಗೋ ಕಳಿಸಿದ ಮನೆಗಳು ಈ ಸಫ್‌ಗಳಲ್ಲೂ ಇವೆ, ಎತ್ತದ ಫೋನ್ ಎಂದರೇನೆಂದು ನಿಮಗೆ ನಾನು ಹೇಳಬೇಕಿಲ್ಲ. ಬದುಕುಳಿದ ಬಂಧುಗಳನ್ನು ಕರೆಸಿಕೊಳ್ಳಲು ಜರ್ಮನ್ ಸರಕಾರ ವೀಸಾ ನಿಯಮ ಸಡಿಲಿಸಿತು. ನಮ್ಮ ದೇಶವೂ ಎನ್‌ಡಿಆರ್‌ಎಫ್ ತಂಡಗಳನ್ನು ಕಳಿಸಿತು, ನಮ್ಮ ಸೇನೆ ಇಸ್ಕೆಂದರೂನ್‌ನಲ್ಲಿ ಆಸ್ಪತ್ರೆ ತೆರೆಯಿತು.

ಗುರುತು ಸಿಗದ ಮಯ್ಯಿತ್‌ಗಳನ್ನು ಡಿಎನ್‌ಎ ಮಾದರಿ ತೆಗೆದಿಟ್ಟು, ಹೆಸರಿನ ಬದಲು ಸಂಖ್ಯೆ ಬರೆದು ದಫನ ಮಾಡಿದರು. ಗುಸ್ಲ್ ಸರಿಯಾಗಿ ಆಗಲಿಲ್ಲ, ಮುಖ ನೋಡಲಿಲ್ಲ ಎಂಬ ಕೊರಗು ಎಷ್ಟೋ ಮನೆಗಳಲ್ಲಿ ಉಳಿದಿದೆ. ನೀರು ಸಾಧ್ಯವಾಗದ ಕಡೆ ತಯಮ್ಮುಮ್ ಇದೆ. ಶರೀಅತ್ ಯಾರ ಮೇಲೂ ಆಗದ ಭಾರ ಹೊರಿಸಿಲ್ಲ. ಅದಕ್ಕಿಂತ ದೊಡ್ಡ ಸಾಂತ್ವನವೂ ಇದೆ: ಕಟ್ಟಡ ಕುಸಿದು ತೀರಿಕೊಂಡ ಮೂಮಿನರನ್ನು ಪ್ರವಾದಿ(ಸ) ಶಹೀದರ ಸಾಲಿನಲ್ಲಿ ಸೇರಿಸಿದ್ದಾರೆ.

ಅಂಥವರ ಬಗ್ಗೆ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಏನು ಹರಿದಾಡಿತು? ಅವರ ಪಾಪಕ್ಕೆ ಅಝಾಬ್ ಬಂತಂತೆ! ಹೇಳಿದವರಿಗೆ ವಹೀ ಬಂದಿತ್ತೇ? ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗು ತೀರಿದ್ದಕ್ಕೇ ಗ್ರಹಣ ಎಂದು ಜನ ಆಡಿಕೊಂಡರು. ಗ್ರಹಣ ಯಾರ ಸಾವಿಗೂ ಹುಟ್ಟಿಗೂ ಆಗುವುದಲ್ಲವೆಂದು ಪ್ರವಾದಿ(ಸ) ಅದನ್ನು ಅಲ್ಲೇ ತಿದ್ದಿದರು. ಆ ಮಗುವಿಗಾಗಿ ಅವರು ಕಣ್ಣೀರನ್ನೂ ಹಾಕಿದ್ದರು. ಅಳುವವರಿಗೆ ಸಬ್ರ್ ಇಲ್ಲ ಎನ್ನುವವರು ಇದನ್ನು ನೆನಪಿಟ್ಟರೆ ಸಾಕು.

ಇನ್ನೊಂದು ತಪ್ಪು ಇದರ ಎದುರು ದಿಕ್ಕಿನದು. ಎಲ್ಲವನ್ನೂ ತಕ್ದೀರ್‌ನ ತಲೆಗೆ ಕಟ್ಟಿ ಕೈ ತೊಳೆಯುವುದು. ಭೂಮಿ ಅಲುಗಿದ್ದು ಅಲ್ಲಾಹನ ವಿಧಿ. ಆದರೆ ಕಂಬದೊಳಗಿನ ಕಬ್ಬಿಣ ಕದ್ದವನು ಮನುಷ್ಯ. ಅಂತಾಕಿಯಾದಲ್ಲಿ ಹತ್ತು ವರ್ಷವಷ್ಟೇ ಆಗಿದ್ದ 12 ಮಹಡಿಯ ದುಬಾರಿ ವಸತಿ ಸಂಕೀರ್ಣವೊಂದು ಮಗುಚಿ ನೂರಾರು ಜನ ಸತ್ತರು. 2018ರಲ್ಲಿ ಅಲ್ಲಿನ ಸರಕಾರ ಶುಲ್ಕ ಕಟ್ಟಿಸಿಕೊಂಡು ಅಕ್ರಮ ಕಟ್ಟಡಗಳನ್ನು ಸಕ್ರಮ ಮಾಡಿತ್ತು. ಅದೇ ಹತಾಯ್‌ನ ಎರ್ಝಿನ್ ಪಟ್ಟಣದಲ್ಲಿ ಮಾತ್ರ ಒಂದು ಕಟ್ಟಡವೂ ಕುಸಿಯಲಿಲ್ಲ. ಅಕ್ರಮ ಕಟ್ಟಲು ನಾನು ಬಿಡಲಿಲ್ಲ ಎಂದರು ಅಲ್ಲಿನ ಮೇಯರ್. ಅಲ್ಲಿನ ನೆಲ ಗಟ್ಟಿಯಿದ್ದುದೂ ಕಾರಣವೆಂದು ತಜ್ಞರು ಹೇಳಿದರು. ಎರಡೂ ನಿಜವಿರಬಹುದು.

ಸೂರಃ ಮುತಫ್ಫಿಫೀನ್ ಓದುವಾಗ ನಮಗೆ ಕಿರಾಣಿ ಅಂಗಡಿಯ ತಕ್ಕಡಿ ಮಾತ್ರ ನೆನಪಾಗುತ್ತದೆ. 12 ಎಂಎಂ ಸರಳಿನ ದುಡ್ಡು ಪಡೆದು 8 ಎಂಎಂ ಹಾಕುವವನೂ ಅದರಲ್ಲಿದ್ದಾನೆ. ಇದಕ್ಕೆ ಭೂಕಂಪವೇ ಆಗಬೇಕೆಂದಿಲ್ಲ. 2019ರ ಮಾರ್ಚ್‌ನಲ್ಲಿ ನಮ್ಮ ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ತಾನಾಗಿಯೇ ಕುಸಿದು 19 ಮಂದಿ ಸತ್ತರು. ಈ ಜಮಾಅತ್‌ನಲ್ಲಿ ಮೇಸ್ತ್ರಿಗಳಿದ್ದೀರಿ, ಸೆಂಟ್ರಿಂಗ್ ಕೆಲಸದವರಿದ್ದೀರಿ, ಕಂಟ್ರಾಕ್ಟರುಗಳಿದ್ದೀರಿ. ನಿಮ್ಮ ಕೈಯ ಕೆಲಸದಡಿಯಲ್ಲಿ ಯಾರದೋ ಮಕ್ಕಳು ಮಲಗುತ್ತವೆ.

ನಮ್ಮ ಮದ್ರಸದ ಮೇಲೆ ಇನ್ನೊಂದು ಮಹಡಿ ಎಬ್ಬಿಸಬೇಕೆಂದು ಕಮಿಟಿಯವರು ತೀರ್ಮಾನಿಸಿದ್ದೀರಿ. ಚಂದಾ ಕೂಡ ಬಂದಿದೆ, ಅಲ್ಲಾಹನು ಕೊಟ್ಟವರಿಗೆ ಬರಕತ್ ನೀಡಲಿ. ಕೆಳಗಿನ ಕಂಬಗಳನ್ನು ಹಾಕಿದಾಗ ಒಂದೇ ಅಂತಸ್ತಿನ ಲೆಕ್ಕವಿತ್ತೆಂದು ಹಿರಿಯರು ಹೇಳುತ್ತಾರೆ. ಇಂಜಿನಿಯರ್ ಬಂದು ಪರೀಕ್ಷಿಸಿ ಬರೆದು ಕೊಡುವವರೆಗೆ ಕೆಲಸ ಶುರು ಮಾಡಬೇಡಿ ಎಂದು ನಾನು ಮಿಂಬರ್‌ನಿಂದಲೇ ಕೇಳಿಕೊಳ್ಳುತ್ತೇನೆ. ಅವರ ಫೀಸು ಚಂದಾ ಹಣದಿಂದ ಹೋಗಲಿ. ಭಾನುವಾರ ಅಸ್ರ್ ನಂತರ ಸಭೆಯಿದೆ, ಮಕ್ಕಳನ್ನು ಕಳಿಸುವ ತಂದೆಯರೆಲ್ಲ ಬನ್ನಿ.